ಕನ್ನಡದ ಕೈ ಹಿಡಿದು ಜರ್ಮನ್ ಕಲಿತದ್ದು

ಮೊದಲ ಸೆಮಿಸ್ಟರಿನ ಮೂರನೇ ವಾರ ಇರಬೇಕು. ಕ್ಲಾಸಿನಲ್ಲಿ ತುಂಬ ಚಳಿ ಇತ್ತು. ಕಲಿತಷ್ಟು ಜರ್ಮನ್‌ನಲ್ಲೇ ಹೇಳೋಣ ಅಂತ 'ಇಶ್ ಬಿನ್ ಕಲ್ಟ್' ಅಂದೆ. ಇಂಗ್ಲಿಷಿನ 'ಐ ಆಮ್ ಕೋಲ್ಡ್' ವಾಕ್ಯವನ್ನು ಪದಕ್ಕೆ ಪದ ಇಟ್ಟು ಕಟ್ಟಿದ್ದೆ. ಪಾಠ ಮಾಡುತ್ತಿದ್ದವರು ತಿದ್ದಿದರು. 'ಹಾಗಂದರೆ ನೀವು ಕರುಣೆ ಇಲ್ಲದ ಮನುಷ್ಯ ಅಂತ ಆಗುತ್ತದೆ. ಮೀರ್ ಇಸ್ಟ್ ಕಲ್ಟ್ ಅನ್ನಿ.'

'ಮೀರ್' ಅಂದರೆ 'ನನಗೆ'. ನನಗೆ ಚಳಿ.

ಆ ದಿನ ರಾತ್ರಿ ನೋಟ್‌ಬುಕ್ ತೆಗೆದು ಅಲ್ಲಿಯವರೆಗೆ ಬರೆದ ವಾಕ್ಯಗಳನ್ನೆಲ್ಲ ಮತ್ತೆ ನೋಡಿದೆ. ಎಡಗಡೆ ಜರ್ಮನ್, ಬಲಗಡೆ ಇಂಗ್ಲಿಷ್ ಅರ್ಥ. ಇಂಗ್ಲಿಷನ್ನು ಹೊಡೆದುಹಾಕಿ ಅಲ್ಲಿ ಕನ್ನಡ ಬರೆಯುತ್ತಾ ಹೋದೆ. 'ಮೀರ್ ಟೂಟ್ ಡೆರ್ ಕೊಪ್ಫ್ ವೇ', ನನಗೆ ತಲೆ ನೋಯುತ್ತಿದೆ. 'ಡಸ್ ಗೆಫೆಲ್ಟ್ ಮೀರ್', ಅದು ನನಗೆ ಹಿಡಿಸಿತು. ಇಂಗ್ಲಿಷಿನಲ್ಲಿ ಇವೆಲ್ಲ 'ನಾನು' ಅಂತ ಶುರುವಾಗುತ್ತಿದ್ದವು, ಇಲ್ಲವೇ 'ನನ್ನ' ಅಂತ. ಕನ್ನಡದಲ್ಲಿ, ಜರ್ಮನ್‌ನಲ್ಲಿ, ಚಳಿ, ನೋವು, ಇಷ್ಟ ಎಲ್ಲ 'ನನಗೆ' ಆಗುವಂಥವು. ಪುಸ್ತಕದಲ್ಲಿ ಇದನ್ನು ಕಷ್ಟದ ಪಾಠ ಅಂತ ತುಂಬ ಮುಂದೆ ಇಟ್ಟಿದ್ದರು. ನನಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಆಧುನಿಕ ಭಾಷೆ ಮತ್ತು ಸಂಸ್ಕೃತಿ ಅಂತ ನಮ್ಮ ಕೋರ್ಸಿನ ಹೆಸರು. ಭಾಷೆ, ಸಾಹಿತ್ಯ, ಇತಿಹಾಸ, ಅನುವಾದ, ಒಂದು ಸೆಮಿಸ್ಟರ್ ಹೊರದೇಶದಲ್ಲಿ, ಕೊನೆಗೆ ಒಂದು ಪ್ರಬಂಧ. ಸೇರಿದಾಗ ನನಗೆ ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳಲ್ಲಿ ಕೆಳಗಿನದರಿಂದಲೇ ಶುರು ಮಾಡಿದವರು ನಾವು. ಮುಂದಿನ ವರ್ಷಗಳಲ್ಲಿ ನನ್ನನ್ನು ಹತ್ತಿಸಿದ್ದು ಆ ನೋಟ್‌ಬುಕ್. ಅದಕ್ಕೇ ಅದರ ಬಗ್ಗೆ ಬರೆಯುತ್ತಿದ್ದೇನೆ.

ಎಲ್ಲರೂ ಹೆದರಿಸುವ ಇನ್ನೊಂದು ವಿಷಯ, ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಅನ್ನುವುದು. 'ಡಸ್ ಎರ್ ಹೊಯ್ಟೆ ನಾಖ್ ಹೌಸೆ ಕೊಮ್ಟ್'. ಮೊದಲಿನ 'ಡಸ್' ತೆಗೆದು ಉಳಿದದ್ದನ್ನು ಓದಿ: ಅವನು, ಇವತ್ತು, ಮನೆಗೆ, ಬರುತ್ತಾನೆ. ಆ 'ಡಸ್' ಅನ್ನುವುದೇ ನಮ್ಮ 'ಅಂತ'. ನಾವು ಕೊನೆಗೆ ಇಡುತ್ತೇವೆ, ಅವರು ಮೊದಲಿಗೆ ಇಡುತ್ತಾರೆ. ಅಷ್ಟೇ ವ್ಯತ್ಯಾಸ. ಕ್ರಿಯಾಪದಕ್ಕೆ ಕೊನೆವರೆಗೂ ಕಾಯುವುದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಕನ್ನಡ ಕೈಕೊಟ್ಟ ಕಡೆಯೂ ಇದೆ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಇದಕ್ಕೆ ಕಾರಣ ಹುಡುಕುತ್ತಾ ಕೂತರೆ ಸಮಯ ಹಾಳು. 'ಉಂಗ್', 'ಹೈಟ್', 'ಕೈಟ್' ಅಂತ ಮುಗಿಯುವ ನಾಮಪದಗಳು ಸ್ತ್ರೀಲಿಂಗ, 'ಶೆನ್' ಅಂತ ಮುಗಿದರೆ ನಪುಂಸಕ. ಇಂಥ ಕೆಲವು ಗುರುತುಗಳು ಬಿಟ್ಟರೆ ಬಾಯಿಪಾಠವೇ ಗತಿ. ಲಿಂಗ ತೋರಿಸುವ ಡೆರ್, ಡೀ, ಡಸ್ ಸೇರಿಸದೆ ಒಂದು ನಾಮಪದವನ್ನೂ ಬರೆಯುವುದಿಲ್ಲ ಅಂತ ಮಾಡಿಕೊಂಡೆ. ಆದರೆ 'ಡಸ್ ಕಿಂಟ್', ಮಗು, ನಪುಂಸಕ ಅಂದಾಗ ಪಕ್ಕದಲ್ಲಿ ಕೂತವರಿಗೆ ಆಶ್ಚರ್ಯ, ನನಗೆ ಇಲ್ಲ. ನಾವೂ 'ಮಗು ಬಂತು' ಅನ್ನುತ್ತೇವೆ.

'ಡೂ' ಮತ್ತು 'ಜ಼ೀ' ಕೂಡ ಹೀಗೇ. ನೀನು, ನೀವು. ಇಂಗ್ಲಿಷ್ ಎರಡನ್ನೂ ಒಂದೇ 'ಯೂ' ಮಾಡಿ ಚಪ್ಪಟೆ ಮಾಡುತ್ತದೆ. ಆದರೆ ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಜರ್ಮನ್‌ನಲ್ಲಿ ಒಬ್ಬರನ್ನು 'ಜ಼ೀ' ಅನ್ನುವುದಕ್ಕೆ ಮುಖ್ಯ ಕಾರಣ ಪರಿಚಯದ ದೂರ. ವಯಸ್ಸು ಆಮೇಲೆ. ಒಂದೇ ಆಫೀಸಿನ ಒಂದೇ ವಯಸ್ಸಿನವರು ವರ್ಷಗಟ್ಟಲೆ 'ಜ಼ೀ' ಅಂತಲೇ ಮಾತಾಡಬಹುದು. ಇನ್ನು ಮುಂದೆ 'ಡೂ' ಅನ್ನೋಣ ಅಂತ ಹಿರಿಯರೇ ಬಾಯಿಬಿಟ್ಟು ಹೇಳುವ ವಾಡಿಕೆ ಇದೆ. ವಿದ್ಯಾರ್ಥಿಗಳು ಮಾತ್ರ ತಮ್ಮತಮ್ಮಲ್ಲಿ ಮೊದಲ ದಿನದಿಂದಲೇ 'ಡೂ'. ದೇವರಿಗೂ 'ಡೂ'. ನಮ್ಮ 'ನೀನು' ಕೂಡ ದೇವರವರೆಗೆ ಹೋಗುತ್ತದೆ. ಇದನ್ನು ಬರೆದುಕೊಂಡಾಗ ತುಂಬ ಖುಷಿಯಾಗಿತ್ತು.

ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತಿಂದದ್ದು 'ಡೊಖ್' ಅನ್ನುವ ಒಂದು ಪುಟ್ಟ ಪದ. ಡಿಕ್ಷನರಿಯಲ್ಲಿ 'ಆದರೆ', 'ಹೌದು' ಅಂತ ಎರಡು ಅರ್ಥ ಕೊಟ್ಟು ಮುಗಿಸಿದ್ದರು. ಜನ ಮಾತಾಡುವುದನ್ನು ಕೇಳಿದರೆ ಎರಡೂ ಸಾಲುತ್ತಿರಲಿಲ್ಲ. 'ನೀನು ಬರಲ್ವಾ?' ಅಂತ ಕೇಳಿದರೆ 'ಡೊಖ್' ಅಂತ ಒಂದೇ ಪದದ ಉತ್ತರ. ಅಂದರೆ 'ಯಾಕೆ ಬರಲ್ಲ, ಬರ್ತೀನಿ'. 'ಡಸ್ ವೈಸ್ಟ್ ಡೂ ಡೊಖ್' ಅಂದರೆ 'ನಿನಗೆ ಗೊತ್ತೇ ಇದೆಯಲ್ಲ'. 'ಕೊಮ್ ಡೊಖ್' ಅಂದರೆ 'ಬಾರೋ'. 'ಹೆಟ್ಟೆ ಇಶ್ ಡಸ್ ಡೊಖ್ ಗೆವುಸ್ಟ್' ಅಂದರೆ 'ಅಯ್ಯೋ, ಅದು ಮೊದಲೇ ಗೊತ್ತಿದ್ದಿದ್ದರೆ'. ಒಂದು ಕಡೆ 'ಅಲ್ಲ', ಒಂದು ಕಡೆ 'ಓ', ಒಂದು ಕಡೆ ಬರೀ 'ಅಯ್ಯೋ'. ಇಂಗ್ಲಿಷಿನಲ್ಲಿ ಇವನ್ನೆಲ್ಲ ದನಿಯ ಏರಿಳಿತಕ್ಕೆ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ನಮಗೆ 'ತಾನೇ', 'ಅಲ್ಲ', 'ಬಿಡು', 'ಕಣೋ' ಇವೆ. ಜರ್ಮನ್‌ನವರಿಗೆ 'ಡೊಖ್', 'ಯಾ', 'ಮಾಲ್', 'ಹಲ್ಟ್' ಇವೆ. ಮಾತಿನ ಜೀವ ಇರುವುದು ಇಂಥ ಪದಗಳಲ್ಲೇ ಅಂತ ನಾನು ಬಲವಾಗಿ ನಂಬುತ್ತೇನೆ. ಕೊನೆ ವರ್ಷದ ಪ್ರಬಂಧಕ್ಕೂ ಇದನ್ನೇ ತೆಗೆದುಕೊಂಡೆ. ಇಷ್ಟು ಚಿಕ್ಕ ವಿಷಯ ಸಾಕಾ ಅಂತ ಕೆಲವರು ಕೇಳಿದರು. ಬರೆಯಲು ಕೂತಾಗ ಜಾಸ್ತಿಯೇ ಆಯಿತು.

ಎರಡನೇ ವರ್ಷ ಕಷ್ಟದ್ದು. ಕಥೆ, ಕಾದಂಬರಿ ಓದಲು ಕೊಟ್ಟರು. ಪ್ರತಿ ಪದಕ್ಕೂ ಡಿಕ್ಷನರಿ ತೆರೆಯುತ್ತಾ ಒಂದು ಗಂಟೆಗೆ ಎರಡು ಪುಟ ಮುಗಿಯುತ್ತಿತ್ತು. ಆಮೇಲೆ ಓದುವ ಕ್ರಮ ಬದಲಿಸಿದೆ. ಮೊದಲ ಸಲ ಡಿಕ್ಷನರಿ ಮುಟ್ಟದೆ ಓದುವುದು. ಎರಡನೇ ಸಲ ಮೂರ್ನಾಲ್ಕು ಬಾರಿ ಬಂದ ಪದಗಳನ್ನು ಮಾತ್ರ ಹುಡುಕುವುದು. ಇದರಿಂದ ವೇಗ ಬಂತು. ಆದರೆ ಅರ್ಥ ಗೊತ್ತಾದರೂ ಮಾತು ಯಾಕೋ ತಿಳಿಯುತ್ತಿರಲಿಲ್ಲ.

ದಾರಿ ಕಂಡದ್ದು ಲೈಬ್ರರಿಯಲ್ಲಿ, ಗ್ರಿಮ್ ಸೋದರರ ನಿಘಂಟಿನ ಮುಂದೆ. ಕಥೆಗಳನ್ನು ಸಂಗ್ರಹಿಸಿದ ಅದೇ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್. 1838ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಮೊದಲ ಸಂಪುಟ ಬಂದದ್ದು 1854ರಲ್ಲಿ. 1863ರಲ್ಲಿ ಯಾಕೋಬ್ ತೀರಿಕೊಂಡಾಗ ಕೆಲಸ 'ಫ್ರುಖ್ಟ್' ಅನ್ನುವ ಪದದ ಹತ್ತಿರ ಇತ್ತು. ಫ್ರುಖ್ಟ್ ಅಂದರೆ ಹಣ್ಣು. ನಿಘಂಟು ಮುಗಿದದ್ದು 1961ರಲ್ಲಿ, 32 ಪುಸ್ತಕಗಳಾಗಿ. ಬರ್ಲಿನ್ ಗೋಡೆ ಎದ್ದ ವರ್ಷ ಅದು. ದೇಶ ಎರಡಾಗಿದ್ದರೂ ಆ ಕಡೆಯವರು, ಈ ಕಡೆಯವರು ಸೇರಿಯೇ ಮುಗಿಸಿದರು. ಅದರ ಮುಂದೆ ನಿಂತಾಗ ಕೈಮುಗಿಯಬೇಕು ಅನ್ನಿಸಿತು. ಪುಟ ತೆರೆದರೆ ಅರ್ಥಕ್ಕಿಂತ ಜಾಸ್ತಿ ಉದಾಹರಣೆಗಳು. ಈ ಪದವನ್ನು ಯಾರು, ಎಲ್ಲಿ, ಹೇಗೆ ಬಳಸಿದರು ಅಂತ ಸಾಲುಸಾಲಾಗಿ ಕೊಟ್ಟಿದ್ದಾರೆ. ಅವತ್ತೇ ನನ್ನ ನೋಟ್‌ಬುಕ್ಕಿಗೆ ಮೂರನೇ ಕಾಲಂ ಎಳೆದೆ: 'ಯಾರು ಅಂದರು, ಯಾವಾಗ ಅಂದರು'.

ಆ ಕಾಲಂನಿಂದಲೇ ಸಂಸ್ಕೃತಿ ಅನ್ನುವ ಪಾಠ ನನಗೆ ಬಿಡಿಸಿಕೊಂಡಿತು. 'ವೆಂಡೆ' ಅನ್ನುವ ಪದ ನೋಡಿ. ಅರ್ಥ ತಿರುವು. 1989-90ರಲ್ಲಿ ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಬದಲಾವಣೆಗೆ ಜನ ಬಳಸುವ ಪದ. ಆದರೆ 1989ರ ಅಕ್ಟೋಬರ್ 18ರಂದು ಪೂರ್ವ ಜರ್ಮನಿಯ ಆಳುವ ಪಕ್ಷದ ಹೊಸ ಮುಖ್ಯಸ್ಥ ಎಗೋನ್ ಕ್ರೆಂಟ್ಸ್ ತಮ್ಮ ಭಾಷಣದಲ್ಲಿ, ನಾವೇ ಒಂದು 'ವೆಂಡೆ' ತರುತ್ತೇವೆ ಅಂದಿದ್ದರು. ಅದಕ್ಕೇ ಬೀದಿಗಿಳಿದು ಹೋರಾಡಿದ ಕೆಲವರಿಗೆ ಆ ಪದ ಬೇಡ. ಅವರು 'ಶಾಂತಿಯುತ ಕ್ರಾಂತಿ' ಅನ್ನುತ್ತಾರೆ. ಎರಡು ಕಾಲಂ ಇದ್ದಾಗ ನನಗೆ ಇದು ಬರೀ 'ತಿರುವು' ಆಗಿತ್ತು.

ಹೊರದೇಶದ ಸೆಮಿಸ್ಟರಿಗೆ ಬರ್ಲಿನ್‌ಗೆ ಹೋದದ್ದು ಅಕ್ಟೋಬರಿನಲ್ಲಿ. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಪಕ್ಕ 'ಸಿ.ಟಿ.' ಅಂತ ಇದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಪಾಠ ಮುಗಿದಾಗ ಚಪ್ಪಾಳೆ ಇಲ್ಲ, ಬೆರಳ ಗೆಣ್ಣಿನಿಂದ ಮೇಜು ತಟ್ಟುತ್ತಾರೆ. ಜೊತೆಗಿದ್ದ ಆಸ್ಟ್ರಿಯಾದ ಗೆಳತಿ ಜನವರಿಯನ್ನು 'ಯಾನುವಾರ್' ಅನ್ನದೆ 'ಯೆನ್ನರ್' ಅನ್ನುತ್ತಿದ್ದಳು. ಆಸ್ಟ್ರಿಯಾ 1995ರಲ್ಲಿ ಯುರೋಪ್ ಒಕ್ಕೂಟ ಸೇರುವಾಗ ತನ್ನ 23 ತಿನಿಸು-ತರಕಾರಿ ಪದಗಳಿಗೆ ಒಪ್ಪಂದದಲ್ಲೇ ಜಾಗ ಕೇಳಿ ಪಡೆಯಿತು ಅಂತ ಹೇಳಿದವಳೂ ಅವಳೇ. ಇವೆಲ್ಲ ಮೂರನೇ ಕಾಲಂಗೆ ಹೋದವು.

ನವೆಂಬರ್ 9 ಬಂತು. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ 'ಗೋಡೆ ಬಿದ್ದ ದಿನ, 1989' ಅಂತ ಬರೆದಿದ್ದೆ. ಊರೆಲ್ಲ ಸಂಭ್ರಮ ಇರುತ್ತದೆ ಅಂದುಕೊಂಡು ಸಂಜೆ ಹೊರಟೆ. ಒಂದು ಮನೆಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿ ನೆಲ ಉಜ್ಜುತ್ತಿದ್ದರು. ಪಕ್ಕದಲ್ಲಿ ಒಂದು ಮೇಣದಬತ್ತಿ. ಹತ್ತಿರ ಹೋದರೆ ಪಾದಚಾರಿ ಹಾದಿಯಲ್ಲಿ ಹುದುಗಿಸಿದ ಹಿತ್ತಾಳೆ ಫಲಕಗಳು, ಅಂಗೈಯಷ್ಟು ಅಗಲದವು. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಶುರುಮಾಡಿದ 'ಷ್ಟೊಲ್ಪರ್‌ಷ್ಟೈನ್', ಎಡವುಗಲ್ಲುಗಳು. ನಾಜಿಗಳು ಎಳೆದುಕೊಂಡು ಹೋದವರ ಹೆಸರು ಅವರ ಮನೆಯ ಮುಂದೆಯೇ ಇರುತ್ತದೆ. ಇವತ್ತೇ ಯಾಕೆ ಅಂತ ಕೇಳಿದೆ. '1938' ಅಂದರು ಅವರು.

ಅದೇ ನವೆಂಬರ್ 9ರ ರಾತ್ರಿ ದೇಶದ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟಿದ್ದರು, ಅಂಗಡಿಗಳನ್ನು ಒಡೆದಿದ್ದರು. 1918ರಲ್ಲಿ ಗಣರಾಜ್ಯ ಘೋಷಣೆಯಾದದ್ದು ಇದೇ ತಾರೀಕು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ಮೊದಲ ದಂಗೆ ಸೋತದ್ದೂ ಇದೇ ತಾರೀಕು. ರಾಷ್ಟ್ರೀಯ ದಿನವನ್ನು ನವೆಂಬರ್ 9ಕ್ಕೆ ಇಡದೆ, ಎರಡು ಜರ್ಮನಿ ಒಂದಾದ ಅಕ್ಟೋಬರ್ 3ಕ್ಕೆ ಯಾಕೆ ಇಟ್ಟರು ಅನ್ನುವುದು ಆಗ ಅರ್ಥವಾಯಿತು.

ಆ ಫಲಕಗಳು ಸಾಮಾನ್ಯವಾಗಿ 'ಹೀರ್ ವೋನ್ಟೆ' ಅಂತ ಶುರುವಾಗುತ್ತವೆ. ಇಲ್ಲಿ ವಾಸ. ಭೂತಕಾಲ. ಮೊದಲ ವರ್ಷದ ವ್ಯಾಕರಣ. ರೂಮಿಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಕೂತೆ. ಜರ್ಮನ್‌ನ 'ವೋನ್ಟೆ' ಗಂಡಿಗೂ ಹೆಣ್ಣಿಗೂ, ಹಿರಿಯರಿಗೂ ಕಿರಿಯರಿಗೂ ಒಂದೇ. ಕನ್ನಡ ಹಾಗೆ ಬಿಡುವುದಿಲ್ಲ. ಅಪ್ಪ ಅಮ್ಮನ ಫಲಕಕ್ಕೆ 'ಇಲ್ಲಿ ವಾಸವಾಗಿದ್ದರು' ಅಂತ ಬರೆದೆ. ಮೂರನೆಯದು ಅವರ ಮಗಳದ್ದು, ಹತ್ತು ವರ್ಷ ತುಂಬದ ಹುಡುಗಿ. 'ವಾಸವಾಗಿದ್ದಳು' ಅಂತ ಬರೆದು ಹೊಡೆದುಹಾಕಿದೆ. 'ವಾಸವಾಗಿದ್ದರು' ಅಂತ ಬರೆದೆ, ಅದು ದೊಡ್ಡವರ ಮಾತಾಯಿತು. ತುಂಬ ಹೊತ್ತಿನ ಮೇಲೆ 'ಈ ಮಗು ಇಲ್ಲಿ ಇತ್ತು' ಅಂತ ಬರೆದು ದೀಪ ಆರಿಸಿದೆ.