ಕೆರೆ ಶಾಸನಗಳ ಮೇಲೆ ನಾನು ಎಂ.ಎ. ಪ್ರಬಂಧ ಬರೆದದ್ದು

ಎಂ.ಎ. ಇತಿಹಾಸದ ಕೊನೇ ಸೆಮಿಸ್ಟರ್‌ನಲ್ಲಿ ನಮಗೆ ಪ್ರಾಜೆಕ್ಟ್ ಇತ್ತು. ಬಹಳ ಜನ ಅದನ್ನು ಹದಿನೈದು ದಿನ ಬಾಕಿ ಇರುವಾಗ ಶುರು ಮಾಡಿ, ಸೀನಿಯರ್ ಬೈಂಡ್ ಮಾಡಿಸಿದ್ದನ್ನು ಪಕ್ಕದಲ್ಲಿಟ್ಟುಕೊಂಡು ಮುಗಿಸುತ್ತಾರೆ. ನಾನೂ ಹಾಗೇ ಮುಗಿಸುತ್ತಿದ್ದೆನೋ ಏನೋ, ಗೈಡ್ ಮೇಡಂ ಬಿಡಲಿಲ್ಲ.

ಮೊದಲು ನಾನು ಬರೆದುಕೊಂಡು ಹೋದ ವಿಷಯ 'ಕರ್ನಾಟಕದ ಕೆರೆಗಳ ಇತಿಹಾಸ'. "ಇದಕ್ಕೆ ಒಂದು ಜನ್ಮ ಸಾಲಲ್ಲ ಕಣಮ್ಮ, ನಿನ್ನ ಹತ್ರ ಇರೋದು ನಾಲ್ಕು ತಿಂಗಳು" ಅಂದರು. 'ಹೊಯ್ಸಳರ ಕಾಲದ ಕೆರೆಗಳು' ಅಂತ ಮಾಡಿಕೊಂಡು ಹೋದೆ, ಅದೂ ವಾಪಸ್ ಬಂತು. ಮೂರನೇ ಸಲ ಹೋದಾಗ ನನ್ನ ಊರು ಕೇಳಿದರು. ಅರಸೀಕೆರೆ ಕಡೆ ಅಂದೆ. "ಊರ ಹೆಸರಲ್ಲೇ ಕೆರೆ ಇದೆಯಲ್ಲ, ಮತ್ತೆಲ್ಲಿ ಹುಡುಕ್ತಿದೀಯ?" ಅಲ್ಲಿಗೆ ಅರಸೀಕೆರೆ ತಾಲ್ಲೂಕಿನ ಹೊಯ್ಸಳ ಶಾಸನಗಳು, ಅದರಲ್ಲೂ ಕೆರೆಯ ಮಾತು ಬರುವವು ಮಾತ್ರ, ಅಂತ ಗಟ್ಟಿಯಾಯಿತು.

ಶಾಸನ ಓದಲು ಹೊಲ ಸುತ್ತಬೇಕಾಗಿಲ್ಲ, ಶುರುವಿಗಂತೂ ಇಲ್ಲ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯದು ಐದನೆಯ ಸಂಪುಟ, 1902ರದು. ಸ್ಕ್ಯಾನ್ ಮಾಡಿದ್ದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡ ಪಾಠ, ಇಂಗ್ಲಿಷ್ ಅನುವಾದ ಎರಡೂ ಇವೆ. ಅನುವಾದ ಮಾತ್ರ ಓದಿ ಮುಗಿಸುವ ಆಸೆ ನನಗೂ ಆಯಿತು. ಆದರೆ ಅನುವಾದದಲ್ಲಿ ಕೆರೆಗೆ ಸಂಬಂಧಪಟ್ಟ ಪದಗಳೇ ಕರಗಿಹೋಗಿರುತ್ತವೆ. 'ಬಿತ್ತುವಟ್ಟ' ಅಂತ ಒಂದು ಪದ ಬರುತ್ತದೆ, ಕೆರೆ ಕಟ್ಟಿದವರಿಗೋ ನೋಡಿಕೊಳ್ಳುವವರಿಗೋ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲು. ಇಂಗ್ಲಿಷ್‌ನಲ್ಲಿ ಓದಿದರೆ ಅದು ಯಾವುದೋ ಒಂದು ದಾನ, ಅಷ್ಟೇ. ಕನ್ನಡದಲ್ಲಿ ಓದಿದಾಗಲೇ ಅದು ಕೆರೆಯ ಖರ್ಚಿನ ಏರ್ಪಾಡು ಅಂತ ತಲೆಗೆ ಹೋದದ್ದು.

ಇನ್ನೂ ನನ್ನ ಹತ್ತಿರ ಇದ್ದದ್ದು ವಿಷಯ ಮಾತ್ರ, ಪ್ರಶ್ನೆ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ಒಂದು ಲಾಂಗ್ ನೋಟ್‌ಬುಕ್‌ನಲ್ಲಿ. ಅಡ್ಡಕ್ಕೆ ಗೆರೆ ಹಾಕಿ ಶಾಸನದ ಸಂಖ್ಯೆ, ಊರು, ಶಕವರ್ಷ, ರಾಜ, ಕಟ್ಟಿಸಿದವರು, ದಾನ ಪಡೆದವರು ಅಂತ ಕಲಂ ಮಾಡಿಕೊಂಡಿದ್ದೆ. ಹೊಯ್ಸಳ ಶಾಸನಗಳು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಶುರುವಾಗುತ್ತವೆ, 'ಸ್ವಸ್ತಿ ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರಂ' ಅಂತ ಹಿಡಿದರೆ ರಾಜನ ಬಿರುದುಗಳು ನಿಲ್ಲುವುದೇ ಇಲ್ಲ. ಅದೆಲ್ಲ ದಾಟಿ ಹತ್ತೋ ಇಪ್ಪತ್ತೋ ಸಾಲು ಕೆಳಗೆ ಹೋದರೆ ಅಲ್ಲಿ ಒಬ್ಬ ಗಾವುಂಡ, ಅಂದರೆ ಊರ ಗೌಡ, ಇಲ್ಲಾ ಒಬ್ಬ ಹೆಗ್ಗಡೆ, ಸೆಟ್ಟಿ ಕೂತಿರುತ್ತಾನೆ. ಕೆರೆ ಕಟ್ಟಿಸಿದವನು ಅವನು. ನೋಟ್‌ಬುಕ್ ತುಂಬುತ್ತಾ ಹೋದ ಹಾಗೆ 'ರಾಜ' ಕಲಂ ಬೇರೆ, 'ಕಟ್ಟಿಸಿದವರು' ಕಲಂ ಬೇರೆ ಅಂತ ಕಣ್ಣಿಗೇ ಕಂಡಿತು. ಪಠ್ಯಪುಸ್ತಕದಲ್ಲಿ ನಾವು ಓದಿದ್ದು 'ಹೊಯ್ಸಳರು ಕೆರೆ ಕಟ್ಟಿಸಿದರು' ಅಂತ ಅಲ್ವಾ? ನನ್ನ ಇಡೀ ಪ್ರಬಂಧ ಆ ಒಂದು ಸಾಲಿನ ಜೊತೆ ಜಗಳ.

ಇಸವಿ ಲೆಕ್ಕ ಸುಲಭ, ಆದರೂ ಎಡವುತ್ತೀರಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ಯುಗಾದಿಗೆ ಮುಂಚಿನ ಜನವರಿ, ಫೆಬ್ರವರಿ ಸುತ್ತಿನ ತಿಥಿಯಾದರೆ 79. ಸಂವತ್ಸರದ ಹೆಸರು ತಾಳೆ ನೋಡಿ, ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕ 1142 ಅಂದರೆ 1220, ವಿಕ್ರಮ ಸಂವತ್ಸರ. 2000ದ ಯುಗಾದಿಗೆ ಬಂದದ್ದೂ ವಿಕ್ರಮವೇ, ನಡುವೆ 780 ವರ್ಷ, ಅಂದರೆ 60ರ ಹದಿಮೂರು ಸುತ್ತು. ಮನೆಯ ಹಳೇ ಪಂಚಾಂಗ ಇಟ್ಟುಕೊಂಡೇ ನಾನು ಲೆಕ್ಕ ಸರಿಮಾಡಿದ್ದು.

ದೊಡ್ಡ ಪೆಟ್ಟು ಬಿದ್ದದ್ದು ಅಡಿಟಿಪ್ಪಣಿಯಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳೂ ಇವೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದವು. ಆಮೇಲೆ ಸಿಕ್ಕ ಕಲ್ಲುಗಳನ್ನೂ ಸೇರಿಸಿಕೊಂಡದ್ದರಿಂದ ಅಲ್ಲಿ ಸಂಖ್ಯೆಗಳೇ ಬೇರೆ. ನಾನು ಸ್ವಲ್ಪ ಇದರಿಂದ, ಸ್ವಲ್ಪ ಅದರಿಂದ ಬರೆದುಕೊಂಡು, ಎಲ್ಲದರ ಮುಂದೂ ಸುಮ್ನೆ 'ಅರಸೀಕೆರೆ' ಅಂತ ಹಾಕಿ ನಂಬರ್ ಬರೆದಿದ್ದೆ. ಮೇಡಂ ಒಂದನ್ನು ತೆಗೆದು ನೋಡಿದರೆ ಅಲ್ಲಿ ಕೆರೆಯೇ ಇಲ್ಲ, ದೇವಸ್ಥಾನದ ದೀಪಕ್ಕೆ ಎಣ್ಣೆ ಬಿಟ್ಟ ಶಾಸನ. ಒಂಬತ್ತು ದಿನ ಲೈಬ್ರರಿಯಲ್ಲಿ ಕೂತು ಒಂದೊಂದನ್ನೂ ಮತ್ತೆ ಹುಡುಕಿದೆ. ಅವತ್ತಿನಿಂದ ನೋಟ್ಸ್ ಮಾಡುವಾಗಲೇ ಆವೃತ್ತಿ, ಪುಟ, ಸಾಲು ಮೂರನ್ನೂ ಬರೆಯುತ್ತೇನೆ, ಎಷ್ಟೇ ಬೇಜಾರಾದರೂ.

ಒಂದು ಕಲ್ಲು ನೋಡಲು ಹೋಗಿದ್ದೆ, ಕೆರೆ ಏರಿಯ ಪಕ್ಕ, ಅರಿಶಿನ ಕುಂಕುಮ ಮೆತ್ತಿಸಿಕೊಂಡು ನಿಂತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದಕ್ಷರವೂ ಕಾಣಲಿಲ್ಲ, ಸಂಜೆ ಓರೆ ಬೆಳಕು ಬಿದ್ದಾಗ ಸಾಲುಗಳು ಎದ್ದು ನಿಂತವು. ಅಷ್ಟರಲ್ಲಿ ಒಬ್ಬ ಅಜ್ಜ ಬಂದು "ಏನವ್ವ, ನಿಧಿ ಹುಡುಕ್ತಿದೀಯಾ?" ಅಂದರು. ಇಲ್ಲ ತಾತ, ಓದೋಕೆ ಬಂದೆ ಅಂದೆ. ನಂಬಿದಂತೆ ಕಾಣಲಿಲ್ಲ. ಆದರೆ ತೂಬು ಎಲ್ಲಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು ಅಂತ ತೋರಿಸಿದವರು ಅವರೇ.

ಬರೆಯುವಾಗ ಮೊದಲ ಅಧ್ಯಾಯದಿಂದ ಶುರು ಮಾಡಲಿಲ್ಲ. ಹೊಯ್ಸಳರ ವಂಶಾವಳಿ ಬರೆಯಲು ಕೂತರೆ ಮೂವತ್ತು ಪುಟ ಅಲ್ಲೇ ಹೋಗುತ್ತದೆ, ಅದು ಎಲ್ಲರ ಪ್ರಾಜೆಕ್ಟ್‌ನಲ್ಲೂ ಇರುವುದೇ. ಕಲಂ ನೋಡಿಕೊಂಡು ಮೂರನೇ ಅಧ್ಯಾಯ ಮೊದಲು ಬರೆದೆ, ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ವಂಶಾವಳಿ ಎರಡೇ ಪುಟ.

ಡಿಟಿಪಿಯದು ಬೇರೆಯೇ ಕಥೆ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ, ಅಂಗಡಿಯವರದು ಹಳೇ ನುಡಿ ಫಾಂಟ್. ಕನ್ವರ್ಟ್ ಮಾಡಿದರೆ ಒತ್ತಕ್ಷರಗಳು ಅಲ್ಲಲ್ಲಿ ಹಾರಿಹೋಗಿದ್ದವು. ಶಾಸನದಲ್ಲಿ ಕೆರೆಯನ್ನು 'ಕೆಱೆ' ಅಂತ ಬರೆಯುತ್ತಾರೆ, ಆ ಱ ಬಂದಲ್ಲೆಲ್ಲ ಖಾಲಿ ಡಬ್ಬಿ. ಕೆರೆಯ ಮೇಲಿನ ಪ್ರಬಂಧದಲ್ಲಿ ಕೆರೆಯೇ ಮಾಯ! ಪ್ರಿಂಟ್ ತೆಗೆದು ಕೈಯಲ್ಲೇ ತಿದ್ದಿದೆ. ಬೈಂಡಿಂಗ್‌ಗೆ ಮುಂಚೆ ನಾಲ್ಕು ದಿನವಾದರೂ ಇದಕ್ಕೆ ಇಟ್ಟುಕೊಳ್ಳಿ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾ, "ಈ ಬಿತ್ತುವಟ್ಟದ ಗದ್ದೆ ಈಗ ಯಾರ ಹೆಸರಲ್ಲಿದೆ?" ಅಂದರು.

"ಗೊತ್ತಿಲ್ಲ ಸರ್, ನೋಡಿಲ್ಲ."

"ಊರು ನಿಮ್ಮದೇ. ಪಹಣಿ ತೆಗೆಸಬಹುದಿತ್ತಲ್ವಾ?"

ತೆಗೆಸಬಹುದಿತ್ತು. ನನಗೆ ಹೊಳೆದೇ ಇರಲಿಲ್ಲ.