ಅಕ್ಕಿ ಮೂಟೆಯ ಜಾಡು ಹಿಡಿದು ಒಂದು ಯುದ್ಧವನ್ನು ಓದುವುದು ಹೇಗೆ?

ಶಾಲೆಯ ಪುಸ್ತಕದಲ್ಲಿ ನಾವು ಓದಿದ ಯುದ್ಧಗಳಲ್ಲಿ ಇಸವಿ ಇರುತ್ತಿತ್ತು, ಸೇನಾಪತಿಯ ಹೆಸರು ಇರುತ್ತಿತ್ತು. ಅಷ್ಟು ಸಾವಿರ ಜನ ಬೆಳಿಗ್ಗೆ ಎದ್ದು ಏನು ತಿಂದರು, ಅದು ಎಲ್ಲಿಂದ ಬಂತು ಎಂಬುದು ಮಾತ್ರ ಇರುತ್ತಿರಲಿಲ್ಲ. ಆದರೆ ಯುದ್ಧ ಏಕೆ ತಿರುಗಿತು ಎಂದು ತಿಳಿಯಲು ಅದೇ ಒಳ್ಳೆಯ ದಾರಿ. ಒಂದು ನಕ್ಷೆ, ಒಂದು ಪೆನ್ಸಿಲ್, ಲೆಕ್ಕ ಮಾಡಲು ಹಾಳೆ ಇಟ್ಟುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ನಮ್ಮ ನೆಲದಲ್ಲೇ, ಈಗಿನ ಮಣಿಪುರ–ನಾಗಾಲ್ಯಾಂಡ್‌ಗಳಲ್ಲಿ ನಡೆದ 1944ರ ಇಂಫಾಲ್–ಕೊಹಿಮಾ ಯುದ್ಧವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬರ್ಮಾ ಕಡೆಯಿಂದ ಬಂದ ಜಪಾನಿ ಸೇನೆ ಇಲ್ಲಿಂದಲೇ ಹಿಂದಕ್ಕೆ ತಿರುಗಿತು.

ಮೊದಲು, ರೈಲು ಎಲ್ಲಿ ನಿಲ್ಲುತ್ತದೆ ನೋಡಿ

ನಕ್ಷೆಯಲ್ಲಿ ಕಲ್ಕತ್ತಾ ಗುರುತಿಸಿ. ಅಲ್ಲಿಂದ ಅಗಲ ಹಳಿಯ ಬ್ರಾಡ್‌ಗೇಜ್ ರೈಲು ಈಗಿನ ಬಾಂಗ್ಲಾದೇಶದ ಪಾರ್ವತೀಪುರದವರೆಗೆ. ಅಲ್ಲಿ ಸರಕೆಲ್ಲ ಇಳಿಸಿ ಕಿರಿದಾದ ಹಳಿಯ ಮೀಟರ್‌ಗೇಜ್ ರೈಲಿಗೆ ತುಂಬಬೇಕಿತ್ತು. ಮುಂದೆ ಬ್ರಹ್ಮಪುತ್ರ. ಆಗ ಅದಕ್ಕೆ ಸೇತುವೆಯೇ ಇರಲಿಲ್ಲ. ವ್ಯಾಗನ್‌ಗಳನ್ನೇ ದೊಡ್ಡ ದೋಣಿಗಳ ಮೇಲೆ ಹತ್ತಿಸಿ ದಾಟಿಸುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಸಿಗುವುದೇ ದಿಮಾಪುರ. ಸುಮಾರು 11 ಮೈಲಿ ಉದ್ದ, ಒಂದು ಮೈಲಿ ಅಗಲ ಹರಡಿದ್ದ ಬ್ರಿಟಿಷ್ ಸೇನೆಯ ದಾಸ್ತಾನು ಅಲ್ಲಿತ್ತು. ಅದರ ಸುತ್ತ ದಪ್ಪಗೆ ಒಂದು ವೃತ್ತ ಎಳೆಯಿರಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇದರ ಹಿಂದಿನ ವರ್ಷ, 1943ರಲ್ಲಿ, ಇದೇ ಬಂಗಾಳದಲ್ಲಿ ಅನ್ನವಿಲ್ಲದೆ ಲಕ್ಷಾಂತರ ಜನ ಸತ್ತಿದ್ದರು. ಜಪಾನಿಯರ ಕೈಗೆ ಸಿಗಬಾರದೆಂದು ಹಳ್ಳಿಯವರ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು. ಸೇನೆಯ ಮೂಟೆ ಎಣಿಸುವಾಗ ಆ ಜನರನ್ನು ಮರೆಯಬಾರದು.

ಬಾಯಿಗಳನ್ನು ಎಣಿಸಿ

ಈಗ ಎದುರು ಪಾಳಯಕ್ಕೆ, ಅಂದರೆ ಜಪಾನಿಯರ ಕಡೆಗೆ ಬನ್ನಿ. ಜನರಲ್ ಮುತಾಗುಚಿಯ 15ನೇ ಸೇನೆಯಲ್ಲಿ ಸುಮಾರು 85,000 ಜನ. ಒಬ್ಬನಿಗೆ ದಿನಕ್ಕೆ ಅರ್ಧ ಕೆಜಿ ಅಕ್ಕಿ ಅಂತ ಹಿಡಿಯಿರಿ. ದಿನಕ್ಕೆ 42,500 ಕೆಜಿ ಆಯಿತು. ಅಂದರೆ 50 ಕೆಜಿಯ 850 ಮೂಟೆ. ಗುಂಡು, ಔಷಧಿ, ಪ್ರಾಣಿಗಳ ಮೇವು ಇದರಲ್ಲಿ ಇನ್ನೂ ಸೇರಿಲ್ಲ.

ಅವರು ಹೊತ್ತು ತಂದಿದ್ದು ಸುಮಾರು ಮೂರು ವಾರದ ಊಟ. ಅಷ್ಟರೊಳಗೆ ಇಂಫಾಲ್ ಕೈಗೆ ಬರುತ್ತದೆ, ಆಮೇಲೆ ಬ್ರಿಟಿಷರ ಉಗ್ರಾಣದಲ್ಲೇ ಉಣ್ಣಬಹುದು ಎಂಬುದು ಮುತಾಗುಚಿಯ ಯೋಚನೆ. ಹಿಂದೆ ಮಲಯ, ಬರ್ಮಾಗಳಲ್ಲಿ ಹಾಗೇ ಆಗಿತ್ತು. ಮಾಂಸಕ್ಕೆಂದು ಸಾವಿರಾರು ದನಗಳನ್ನು ಜೊತೆಗೆ ಅಟ್ಟಿಕೊಂಡು ಬಂದರು. ಚಿಂದ್ವಿನ್ ನದಿ ದಾಟುವಾಗಲೇ ಎಷ್ಟೋ ದನಗಳು ಕೊಚ್ಚಿಹೋದವು. ಕಡಿದಾದ ಬೆಟ್ಟದ ದಾರಿಯಲ್ಲಿ ಇನ್ನೆಷ್ಟೋ ಸತ್ತವು.

ಮಾರ್ಚ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ ಸುಮಾರು 110 ದಿನ. 850 ಮೂಟೆಯಿಂದ ಗುಣಿಸಿ. 93,500 ಮೂಟೆ! ಕೈಯಲ್ಲಿದ್ದದ್ದು ಅದರ ಐದನೇ ಒಂದು ಪಾಲು. ಗುಂಡು ಹಾರುವ ಮೊದಲೇ ಈ ಲೆಕ್ಕ ಹಾಳೆಯ ಮೇಲಿತ್ತು, ಅಲ್ವಾ?

ದಾರಿಯ ಕುತ್ತಿಗೆ ಹುಡುಕಿ

ದಿಮಾಪುರದಿಂದ ಇಂಫಾಲಕ್ಕೆ 200 ಕಿಮೀಗಿಂತ ಸ್ವಲ್ಪ ಜಾಸ್ತಿ ದೂರದ ಬೆಟ್ಟದ ರಸ್ತೆ. ಅದರ ಮೇಲೆ ಸುಮಾರು 74 ಕಿಮೀ ದೂರದಲ್ಲಿ ಕೊಹಿಮಾ. ಕೊಹಿಮಾ ಹೋದರೆ ರಸ್ತೆ ಹೋಯಿತು, ರಸ್ತೆ ಹೋದರೆ ಇಂಫಾಲ್ ಒಂಟಿ. ಅಷ್ಟು ಚಿಕ್ಕ ಊರಿಗೆ ಅಷ್ಟು ರಕ್ತ ಹರಿದಿದ್ದು ಇದಕ್ಕೇ.

ಮಾರ್ಚ್ 29ಕ್ಕೆ ಇಂಫಾಲ್ ರಸ್ತೆ ಕಡಿದುಹೋಯಿತು. ಏಪ್ರಿಲ್ ಮೊದಲ ವಾರ ಮುತಾಗುಚಿಯ ಕೈಕೆಳಗಿನ ಜನರಲ್ ಸಾತೊನ 31ನೇ ಡಿವಿಷನ್ ಕೊಹಿಮಾವನ್ನು ಸುತ್ತಿಕೊಂಡಿತು. ಒಳಗೆ ಬ್ರಿಟಿಷರ ಕಡೆ ಕಾದಾಡಬಲ್ಲವರು ಸುಮಾರು 1,500 ಜನ. ನೀರಿನ ಮೂಲ ಜಪಾನಿಯರ ಕೈಲಿತ್ತು. ಲೋಟದಲ್ಲಿ ಅಳೆದು ನೀರು ಕುಡಿಯುತ್ತಾ ಅವರು ಎರಡು ವಾರ ಹಿಡಿದು ನಿಂತರು. ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಕಣದ ಒಂದು ಬದಿ ಇವರು, ಇನ್ನೊಂದು ಬದಿ ಅವರು. ಗಾಯಾಳುಗಳನ್ನು ಸಾಗಿಸಿದವರಲ್ಲಿ, ಬೆಟ್ಟಗಳಲ್ಲಿ ಸಾಮಾನು ಹೊತ್ತವರಲ್ಲಿ ನಾಗಾ ಹಳ್ಳಿಗರೂ ಇದ್ದರು.

ಸಾತೊ ಕೊಹಿಮಾವನ್ನು ಬಿಟ್ಟು ನೇರ ದಿಮಾಪುರಕ್ಕೆ ಹೋಗಿದ್ದರೆ? ಮೊದಲು ಎಳೆದ ಆ ದಪ್ಪ ವೃತ್ತವನ್ನು ಮತ್ತೆ ನೋಡಿ. ಮುತಾಗುಚಿಗೆ ಆ ಆಸೆ ಇತ್ತು. ಅವನ ಮೇಲಧಿಕಾರಿ ಕವಾಬೆ ಒಪ್ಪಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಯುದ್ಧದ ಅತಿ ದೊಡ್ಡ ತಿರುವು ಇದೇ.

ನೆಲದ ದಾರಿ ಮುಚ್ಚಿದಾಗ ಆಕಾಶ ಯಾರದು?

ಇಂಫಾಲ್ ಬಯಲಿನಲ್ಲಿ ಆರು ವಿಮಾನ ನಿಲ್ದಾಣಗಳಿದ್ದವು. ಮಳೆಗಾಲದಲ್ಲೂ ನಂಬಬಹುದಾದವು ಎರಡೇ, ಇಂಫಾಲ್ ಮತ್ತು ಪಲ್ಲೇಲ್. ರಸ್ತೆ ಕಡಿಯುವ ಮೊದಲೇ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ಚೀನಾಕ್ಕೆ ಸರಕು ಒಯ್ಯುತ್ತಿದ್ದ ಅಮೆರಿಕದ ವಿಮಾನಗಳಲ್ಲಿ 20ನ್ನು ಮೇಲಿನವರ ಅನುಮತಿಗೂ ಕಾಯದೆ ಈ ಕಡೆ ತಿರುಗಿಸಿದರು. ಅವುಗಳ ನೆರವಿನಿಂದ 5ನೇ ಭಾರತೀಯ ಡಿವಿಷನ್ ತನ್ನ ಫಿರಂಗಿ, ಹೇಸರಗತ್ತೆಗಳ ಸಮೇತ ಬರ್ಮಾದ ಕರಾವಳಿಯ ಅರಕಾನ್‌ನಿಂದ ಹಾರಿ ಬಂತು.

ಏಪ್ರಿಲ್ 18ರಿಂದ ಜೂನ್ ಕೊನೆಯವರೆಗೆ ಸುಮಾರು 19,000 ಟನ್ ಸರಕು ವಿಮಾನದಲ್ಲಿ ಬಂತು. 74 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 250 ಟನ್. ಇದು ಸಾಕಾಗುತ್ತಿರಲಿಲ್ಲ. ಅದಕ್ಕೇ ಇನ್ನೊಂದು ಕೆಲಸ ಮಾಡಿದರು. ವಾಪಸ್ ಹೋಗುವ ವಿಮಾನಗಳಲ್ಲಿ ಗಾಯಾಳುಗಳನ್ನೂ, ಯುದ್ಧಕ್ಕೆ ಬೇಡದ ಸುಮಾರು 43,000 ಜನರನ್ನೂ ಹೊರಗೆ ಕಳಿಸಿದರು. ಉಳಿದವರ ರೇಷನ್ ಕಡಿಮೆ ಮಾಡಿದರು. ತರುವುದನ್ನು ಹೆಚ್ಚಿಸುವುದು ಒಂದು, ತಿನ್ನುವ ಬಾಯಿ ಇಳಿಸುವುದು ಇನ್ನೊಂದು. ಲೆಕ್ಕ ಹಾಕುವಾಗ ಎರಡನ್ನೂ ಬರೆದುಕೊಳ್ಳಿ.

ಪ್ಯಾರಾಚೂಟ್‌ಗೆ ಬಟ್ಟೆ ಸಾಲದಾಗ ಬ್ರಿಟಿಷರ 14ನೇ ಸೇನೆಯ ನಾಯಕ ಜನರಲ್ ಸ್ಲಿಮ್ ಕಲ್ಕತ್ತಾದ ಸೆಣಬಿನ ಮಾಲೀಕರ ಮೊರೆ ಹೋದರು. ಸೆಣಬಿನ ಪ್ಯಾರಾಚೂಟ್ ಬಂತು. ಮನುಷ್ಯರು ಇಳಿಯಲು ಅಲ್ಲ, ಸಾಮಾನು ಇಳಿಸಲು. ಬೆಲೆ ಮಾಮೂಲಿ ಪ್ಯಾರಾಚೂಟಿನ ಇಪ್ಪತ್ತನೇ ಒಂದು ಪಾಲಿನಷ್ಟು. ಇನ್ನು ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1943ರಿಂದ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ದೊಡ್ಡ ದುರಸ್ತಿ ಕೇಂದ್ರವಾಗಿತ್ತು.

ಕ್ಯಾಲೆಂಡರ್ ತಿರುವಿ

ಮೇ ತಿಂಗಳಿಗೆ ಮಳೆ ಹಿಡಿಯಿತು. ಜಪಾನಿಯರ ಬೆನ್ನ ಹಿಂದೆ ಇದ್ದದ್ದು ಕೆಸರಿನ ಕಾಲುದಾರಿ, ಉಕ್ಕುವ ಚಿಂದ್ವಿನ್. ಸಾತೊಗೆ ಊಟವೂ ಬರಲಿಲ್ಲ, ಗುಂಡೂ ಬರಲಿಲ್ಲ. ಮೇ ಕೊನೆಗೆ ಆತ ಮುತಾಗುಚಿಯ ಆಜ್ಞೆ ಮೀರಿ ತನ್ನ ಜನರನ್ನು ಹಿಂದಕ್ಕೆ ಕರೆದುಕೊಂಡು ಹೊರಟ. ಜಪಾನಿ ಸೇನೆಯಲ್ಲಿ ಒಬ್ಬ ಡಿವಿಷನ್ ನಾಯಕ ಹೀಗೆ ಮಾಡಿದ್ದು ಕೇಳರಿಯದ ಮಾತು. ಜೂನ್ 22ಕ್ಕೆ ರಸ್ತೆ ತೆರೆಯಿತು. ಹಿಂತಿರುಗುವ ದಾರಿಯುದ್ದಕ್ಕೂ ಜಪಾನಿ ಸೈನಿಕರು ಹಸಿವು, ಮಲೇರಿಯಾ, ಆಮಶಂಕೆಯಿಂದ ಬಿದ್ದರು. ಅದಕ್ಕೆ ಎಲುಬುಗಳ ದಾರಿ ಎಂದೇ ಹೆಸರಾಯಿತು. ನೇತಾಜಿಯ ಆಜಾದ್ ಹಿಂದ್ ಫೌಜಿನ ನಮ್ಮ ಹುಡುಗರೂ ಅದೇ ಹಸಿವನ್ನು ಉಂಡರು.

ಈಗ ನೀವೇ ಮಾಡಿ

ಇದೇ ಹೆಜ್ಜೆಗಳನ್ನು ಸೋವಿಯತ್ ಒಕ್ಕೂಟದ ಸ್ಟಾಲಿನ್‌ಗ್ರಾಡ್ ನಗರದ ಯುದ್ಧಕ್ಕೆ ಹಾಕಿ ನೋಡಿ. 1942ರ ನವೆಂಬರ್ 23ಕ್ಕೆ ಜರ್ಮನಿಯ 6ನೇ ಸೇನೆ ಸುತ್ತುವರಿಯಲ್ಪಟ್ಟಿತು. ಒಳಗೆ ಎರಡೂವರೆ ಲಕ್ಷದಷ್ಟು ಜನ. ವಿಮಾನದಲ್ಲಿ ಕಳಿಸಿ ಎಂದು ಕೇಳಿದ್ದು ದಿನಕ್ಕೆ 500 ಟನ್ ಸರಕು, ಬಂದದ್ದು ಸರಾಸರಿ ನೂರರ ಆಸುಪಾಸು. ಯುಂಕರ್ಸ್ 52 ವಿಮಾನ ಒಂದು ಸಲಕ್ಕೆ ಒಯ್ಯುವುದು ಸುಮಾರು ಎರಡು ಟನ್. ವಿಮಾನಗಳು ಹೊರಡುವ ತತ್ಸಿನ್‌ಸ್ಕಾಯಾ ಡಿಸೆಂಬರ್ 24ಕ್ಕೆ ಸೋವಿಯತ್ ಟ್ಯಾಂಕುಗಳ ದಾಳಿಗೆ ಸಿಕ್ಕಿತು, ಇಳಿಯುವ ಪಿತೊಮ್ನಿಕ್ ಜನವರಿ 16ಕ್ಕೆ ಕೈತಪ್ಪಿತು. ನಕ್ಷೆಯಲ್ಲಿ ಈ ಎರಡು ಊರು ಗುರುತಿಸಿ, ದಿನಕ್ಕೆ ಎಷ್ಟು ವಿಮಾನ ಇಳಿಯಬೇಕಿತ್ತು ಎಂದು ಭಾಗಿಸಿ. ಸೇನೆ ಶರಣಾದದ್ದು ಫೆಬ್ರುವರಿ 2ಕ್ಕೆ.