ವಿದೇಶಿ ಪಾಸ್‌ಪೋರ್ಟು, ಕುಮಟೆಯ ಮನೆ: ಮುಪ್ಪಿನ ಆರೈಕೆಗೆ ನಾವು ಮಾಡಿಕೊಂಡ ಏರ್ಪಾಡು

ಇಂಗ್ಲೆಂಡಿನಲ್ಲಿ ದುಡಿದು, ಅಲ್ಲಿಯ ಪೌರತ್ವ ಪಡೆದು, ನಿವೃತ್ತಿಯ ನಂತರ ಕುಮಟೆಯಲ್ಲಿರುವ ತಂದೆಯ ಮನೆಗೆ ಬಂದು ನೆಲೆಸಿದ ನಾನೂ ನನ್ನ ಹೆಂಡತಿಯೂ ನೆರೆಹೊರೆಯವರಿಗೆ ಊರವರೇ. ಕಾನೂನಿನ ಲೆಕ್ಕದಲ್ಲಿ ಮಾತ್ರ ಓಸಿಐ ಕಾರ್ಡು (ಭಾರತೀಯ ಮೂಲದ ವಿದೇಶಿ ಪ್ರಜೆಗಳು ಇಲ್ಲಿ ನೆಲೆಸಲು ಅವಕಾಶ ಕೊಡುವ ಕಾರ್ಡು) ಹೊಂದಿದ ವಿದೇಶಿಯರು. ಮಕ್ಕಳು ಲೀಡ್ಸ್‌ನಲ್ಲಿದ್ದಾರೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ನಾವು ಕೇಳಿಕೊಂಡದ್ದು ಇಷ್ಟು: ನಮ್ಮಲ್ಲೊಬ್ಬರಿಗೆ ಸಹಿ ಹಾಕಲೂ ಆಗದ ದಿನ ಬಂದರೆ ಯಾರು, ಯಾವ ಅಧಿಕಾರದಿಂದ, ಯಾವ ಹಣದಿಂದ ನಮ್ಮನ್ನು ನೋಡಿಕೊಳ್ಳಬಲ್ಲರು?

ಹಣದ ವಿಷಯದಲ್ಲಿ ತಿಳಿದಿರಬೇಕಾದದ್ದೆಂದರೆ, ಬ್ರಿಟನ್ನಿನ ಸರ್ಕಾರಿ ಪಿಂಚಣಿ ಭಾರತದಲ್ಲಿರುವವರಿಗೂ ಸಿಗುತ್ತದೆ, ಆದರೆ ಅಲ್ಲಿರುವವರಿಗೆ ಆಗುವ ವಾರ್ಷಿಕ ಹೆಚ್ಚಳ ಇಲ್ಲಿರುವವರಿಗೆ ಇಲ್ಲ. ಆರೈಕೆಯ ಖರ್ಚು ಏರುವುದು ಎಂಬತ್ತರ ಆಚೆಗೆ. ಪಿಂಚಣಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಅದನ್ನು ದಿನದ ಖರ್ಚಿಗೆ ಬಿಟ್ಟು, ಆರೈಕೆಗೆಂದೇ ಬೇರೆ ಠೇವಣಿ ಇಟ್ಟೆವು. ಖಾಯಂ ಆಗಿ ಇಲ್ಲಿ ನೆಲೆಸಿದ ಮೇಲೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳ ಉಚಿತ ಚಿಕಿತ್ಸೆಯ ಹಕ್ಕು ಉಳಿಯುವುದಿಲ್ಲವಾದ್ದರಿಂದ ಇಲ್ಲಿಯ ಆರೋಗ್ಯ ವಿಮೆಯನ್ನು ಬಂದೊಡನೆ ಮಾಡಿಸಿದೆವು. ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು, ಮುಂದೂಡಿದಷ್ಟೂ ನಷ್ಟ.

ಕಾಗದಪತ್ರಗಳಿಗೆ ನಾವು ಹೆಚ್ಚಿನ ಕಾಲ ಕೊಟ್ಟೆವು. ಪವರ್ ಆಫ್ ಅಟಾರ್ನಿ ಎಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಇಂಗ್ಲೆಂಡಿನ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವನ ಬುದ್ಧಿಶಕ್ತಿ ಕುಂದಿದ ಮೇಲೂ ಊರ್ಜಿತವಾಗಿರುತ್ತದೆ. ಇಲ್ಲಿಯ ಸಾಮಾನ್ಯ ಪವರ್ ಆಫ್ ಅಟಾರ್ನಿ ಹಾಗಲ್ಲ. 1872ರ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಕೊಟ್ಟವನ ಚಿತ್ತಸ್ವಾಸ್ಥ್ಯ ತಪ್ಪಿದಾಗ ಅದು ಮುಗಿಯುತ್ತದೆ, ಅಂದರೆ ಮರೆವಿನ ಕಾಯಿಲೆಯವರಿಗೆ ಅದರ ಅಗತ್ಯ ಬಿದ್ದಾಗಲೇ ಅದು ಕೆಲಸಕ್ಕೆ ಬಾರದಾಗುತ್ತದೆ. ಈ ಕಾರಣಕ್ಕೆ ನಮ್ಮ ಖಾತೆಗಳನ್ನು ಯಾರಾದರೊಬ್ಬರು ವ್ಯವಹರಿಸಬಹುದಾದ ಜಂಟಿ ಖಾತೆಗಳನ್ನಾಗಿಸಿದೆವು; ಆಸ್ಪತ್ರೆಯ ತುರ್ತಿಗೆ ಸಾಕಾಗುವಷ್ಟು ಹಣವಿರುವ ಇನ್ನೊಂದು ಖಾತೆಗೆ ತಂಗಿಯ ಮಗನನ್ನು ಸೇರಿಸಿದೆವು.

ಮನೆಯನ್ನು ಈಗಲೇ ಅಳಿಯನಿಗೆ, ಅಂದರೆ ತಂಗಿಯ ಈ ಮಗನಿಗೆ, ದಾನಪತ್ರ ಮಾಡಿಕೊಟ್ಟರೆ ಅವನು ನೋಡಿಕೊಳ್ಳುತ್ತಾನೆಂದು ಹಿತೈಷಿಗಳು ಸೂಚಿಸಿದರು. ಆರೈಕೆಯ ಷರತ್ತು ಮುರಿದರೆ ಅಂಥ ದಾನಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಅವಕಾಶ ಕೊಡುತ್ತದೆ, ನಿಜ. ಆದರೆ ಅದೇ ಕಾಯ್ದೆಯ ವ್ಯಾಖ್ಯೆಯಂತೆ ಹಿರಿಯ ನಾಗರಿಕನೆಂದರೆ 60 ವರ್ಷ ತುಂಬಿದ ಭಾರತದ ಪ್ರಜೆ, ನಾವು ಆ ಲೆಕ್ಕಕ್ಕೆ ಬರುವುದಿಲ್ಲ. ಅಳಿಯನ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಆದರೂ ದಾನಪತ್ರದ ಬದಲು ಉಯಿಲು ಬರೆದು ನೋಂದಾಯಿಸಿದೆವು. “ಮಾವ, ಅದೇ ಸರಿ” ಎಂದು ಅವನೂ ಒಪ್ಪಿದ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಮಾಡಿಸಿದ್ದೇವೆ. ಮಕ್ಕಳಿಗೆ ಫೋನಿನಲ್ಲಿ ಅದನ್ನು ಓದಿಹೇಳುವುದು ಸುಲಭವಿರಲಿಲ್ಲ.

ದೊಡ್ಡ ಕಾಯಿಲೆಗೆ ನಮಗೆ ಮಣಿಪಾಲವೇ ಗತಿ. ಹುಬ್ಬಳ್ಳಿಗೆ ಹೋಗಲು ಘಟ್ಟ ಹತ್ತಬೇಕು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಅಂಕೋಲೆಯ ಕಡೆಯ ಹೆದ್ದಾರಿ ಬಂದ್ ಆದದ್ದನ್ನು ಈ ಭಾಗದವರು ಮರೆತಿಲ್ಲ. ಆದ್ದರಿಂದ ನಮ್ಮ ಕಡತದ ಒಂದು ಪ್ರತಿ ಮಣಿಪಾಲದ ಸಮೀಪವಿರುವ ನಂಟರ ಮನೆಯಲ್ಲಿದೆ.

ಮನೆಯಲ್ಲಿ ಮುಖ್ಯವಾಗಿ ಬದಲಿಸಿದ್ದು ಬಚ್ಚಲನ್ನು. ಹಿತ್ತಲ ಬಾಗಿಲು ದಾಟಿ ಎರಡು ಮೆಟ್ಟಿಲಿಳಿದು ಹೋಗಬೇಕಿದ್ದ ಹಂಡೆಯ ಬಚ್ಚಲಿನ ಚಿರೆಕಲ್ಲು ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತಿತ್ತು. ಮಲಗುವ ಕೋಣೆಗೆ ತಾಗಿ, ಹೊಸ್ತಿಲಿಲ್ಲದ, ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲದ ಬಾಗಿಲಿರುವ ಹೊಸ ಬಚ್ಚಲು ಕಟ್ಟಿಸಿ, ಕೂತು ಏಳುವಾಗ ಕೈ ಎಲ್ಲಿ ಆಸರೆ ಹುಡುಕುತ್ತದೆಂದು ನೋಡಿ ಅಲ್ಲಲ್ಲಿಗೆ ಹಿಡಿಕೆ ಹಾಕಿಸಿದೆವು.

ಮನೆಗೆಲಸಕ್ಕೆ ಬರುವ ಹೆಂಗಸಿಗೆ, ಮುಂದೆ ನಮ್ಮನ್ನು ಎತ್ತಿ ಕೂರಿಸುವ ಕೆಲಸವೂ ಬರಬಹುದೆಂದು ಈಗಲೇ ಹೇಳಿ, ಅದಕ್ಕೆ ಬೇರೆ ಸಂಬಳ, ವಾರದ ರಜೆ ಮತ್ತು ರಾತ್ರಿಗೆ ಇನ್ನೊಬ್ಬರು ಎಂಬುದನ್ನು ಬರೆದುಕೊಟ್ಟಿದ್ದೇವೆ. ಆ ಇನ್ನೊಬ್ಬರು ಇನ್ನೂ ಸಿಕ್ಕಿಲ್ಲ. ಹೊನ್ನಾವರದ ಕಡೆ ವಿಚಾರಿಸುತ್ತಿದ್ದೇವೆ.